ಕರಿಯಯ್ಯನ ಕೆಮ್ಮು

ಕೆಮ್ಮು ಸರಿಯಾಗಿ ಬರಲಿಲ್ಲ.

ಕನಕರಾಜು ಟೇಪು ನಿಲ್ಲಿಸಿದ. ಹಿಂದಕ್ಕೆ ಸುತ್ತಿದ. ಕೇಳಿದ. ಇದು ತನ್ನದೇ ಕೆಮ್ಮು, ಓದಿದವನ ಕೆಮ್ಮು. ಬಾಯಿಗೆ ಕೈ ಅಡ್ಡ ಹಿಡಿದು, ಪಕ್ಕದವರಿಗೆ ತೊಂದರೆಯಾಯಿತೇನೋ ಎಂದು ಅಂಜುತ್ತ ಕೆಮ್ಮುವ ಕೆಮ್ಮು. ಕರಿಯಯ್ಯನದು ಹಾಗಿರಲಿಲ್ಲ. ಹೊಟ್ಟೆಯ ಯಾವುದೋ ಮೂಲೆಯಿಂದ ಹೊರಟು, ಎದೆಯಲ್ಲಿ ಒಂದು ಗಳಿಗೆ ಕೂತು ಸುಧಾರಿಸಿಕೊಂಡು, ಗಂಟಲಿಗೆ ಬಂದ ಮೇಲೆ ನಗುವೋ ಕೆಮ್ಮೋ ಗೊತ್ತಾಗದ ಹಾಗೆ ಹೊರಗೆ ಬೀಳುತ್ತಿತ್ತು.

ಕಿಟಕಿಗೆ ಕಂಬಳಿ ಹೊದಿಸಿದ್ದ. ಫ್ಯಾನು ಆರಿಸಿದ್ದ. ಬೆಳಗಿನ ಹೊತ್ತಿನಲ್ಲೇ ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಹತ್ತು ಗಂಟೆಯ ಬಸ್ಸಿಗೆ ಹೊರಡಬೇಕು. ಅಷ್ಟರೊಳಗೆ ಸತ್ತವನೊಬ್ಬ ಕೆಮ್ಮಬೇಕು, ಮಾತಾಡಬೇಕು.

ಕನಕರಾಜು ಮಾಡುತ್ತಿದ್ದ ಕೆಲಸವನ್ನು ಏನೆಂದು ಕರೆಯಬೇಕೋ ಹುಣಸೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ರೇಡಿಯೊ ಅಲ್ಲ, ಪೇಪರೂ ಅಲ್ಲ. ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿ ಬಂದು, ಒಂದೆರಡು ಕಾಲೇಜುಗಳಲ್ಲಿ ಪಾರ್ಟ್‌ಟೈಮ್ ಪಾಠ ಹೇಳಿ ಬೇಸತ್ತ ಮೇಲೆ, ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಗೆಳೆಯ ಬಸವರಾಜುವಿನ ಜೊತೆ ಸೇರಿಕೊಂಡಿದ್ದ. ಇಬ್ಬರೂ ವಾರಕ್ಕೊಂದು ಕ್ಯಾಸೆಟ್ ತುಂಬಿಸುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ಕಡೆಯ ಸುದ್ದಿ, ಜಗಳ, ಮದುವೆ, ಮುದುಕರ ನೆನಪು. ಹೆಸರು ‘ನಾಲ್ಕೂರ ಮಾತು’. ಪ್ರೈವೇಟ್ ಬಸ್ಸಿನವರು, ಟೀ ಹೋಟೆಲಿನವರು ಅದನ್ನು ಹಾಕುತ್ತಿದ್ದರು. ಮಧ್ಯೆ ಮಧ್ಯೆ ಗೊಬ್ಬರದಂಗಡಿ, ಬಟ್ಟೆ ಅಂಗಡಿಯ ಜಾಹೀರಾತು. ವಾರ ಮುಗಿದ ಮೇಲೆ ಕ್ಯಾಸೆಟ್ಟುಗಳು ವಾಪಸ್ ಬರುತ್ತಿದ್ದವು. ಅವುಗಳ ಮೇಲೇ ಮುಂದಿನ ವಾರದ್ದನ್ನು ತುಂಬುತ್ತಿದ್ದರು. ಹೋದ ವಾರದ ಮಾತು ಯಾರಿಗೆ ಬೇಕು?

ರಾವಂದೂರಿನ ಹತ್ತಿರದ ಕರಿಯಯ್ಯನ ಮಾತೂ ಹಾಗೇ ಹೋಗಿತ್ತು. ಅವನ ಮೇಲೆ ಕೆ.ಆರ್. ನಗರದ ಭತ್ತದ ಮಿಲ್ಲಿನವರು ಬಂದು ಕೂತಿದ್ದರು. ಮಿಲ್ಲಿನವರ ಮೇಲೆ ಕೋಟೆಯ ಆನೆ ಕಾಟ. ಆನೆಗಳ ಮೇಲೆ ಈ ವಾರ ಹೊಗೆಸೊಪ್ಪಿನ ಹರಾಜು.

ಕರಿಯಯ್ಯ ಸತ್ತದ್ದೂ ಕನಕರಾಜುವಿಗೆ ಗೊತ್ತಿರಲಿಲ್ಲ. ಹೋದ ವಾರ ಅವನ ಮಗ ಸ್ವಾಮಿ ಅಂಗಡಿಗೆ ಬಂದು ನಿಂತಾಗಲೇ ತಿಳಿದದ್ದು. ತಲೆ ಬೋಳಿಸಿದ್ದು ಕೂದಲು ಸ್ವಲ್ಪ ಚಿಗುರಿತ್ತು.

“ಮಾರ್ಲಮಿಗೆ ಅಪ್ಪಂಗೆ ಮೊದ್ಲನೇ ಎಡೆ ಸಾ. ಒಂದು ಪೋಟೋನೂ ಇಲ್ಲ. ಓಟಿನ ಕಾರ್ಡಲ್ಲಿರೋದ ನೋಡುದ್ರೆ ಯಾವನೋ ಕಳ್ಳನ್ನ ಇಡ್ಕಬಂದಂಗದೆ. ಅದ ಮಡಗಬ್ಯಾಡ ಅಂತವ್ಳೆ ನಮ್ಮವ್ವ. ನೀವು ತುಂಬ್ಕೊಂಡು ಓಗಿದ್ರಲ್ಲ, ಆ ಮಾತಾದ್ರೂ ಎಡೆ ಮುಂದೆ ಇಡವ ಅಂತ.”

“ಇದೆ” ಎಂದಿದ್ದ ಕನಕರಾಜು.

ಇಲ್ಲ ಎನ್ನುವುದು ಅದಕ್ಕಿಂತ ಕಷ್ಟದ ಮಾತೇನಲ್ಲ. ಬಾಯಿಗೆ ಮೊದಲು ಸಿಕ್ಕಿದ್ದು ಇದೆ.

ಸ್ವಾಮಿ ಹೋದ ಮೇಲೆ ಬಸವರಾಜು ಕೇಳಿದ್ದ: “ಎಲ್ಲದೆ?”

“ಎಲ್ಲಾದ್ರೂ ಇರ್ತದೆ.”

“ನಿನ್ ತಲೇಲಿ ಅದೆ. ನಾನೇ ಅದ್ರ ಮೇಲೆ ಮಿಲ್ಲು ಓಡಿಸ್ಬುಟ್ನಲ್ಲೋ. ಟೇಪು ಸುತ್ಕೊಂಡು ಆಳಾಗೋಯ್ತು ಅಂತ ಏಳ್ಬುಡು.”

“ಹೇಳ್ತೀನಿ.”

ಹೇಳಲಿಲ್ಲ. ಒಂದು ವಾರ ಕಳೆದು, ಹಿರಿಯರಿಗೆ ಎಡೆ ಇಡುವ ಮಾರ್ಲಮಿಯ ಅಮಾವಾಸ್ಯೆಯೇ ಬಂದು ಬಾಗಿಲಲ್ಲಿ ಕೂತಿತು. ಆದರೆ ಆ ವಾರದಲ್ಲಿ ಅವನಿಗೆ ಇನ್ನೊಂದು ಗೊತ್ತಾಗಿತ್ತು. ಮಾತು ಜೋಡಿಸುವ ಕೆಲಸದಲ್ಲಿ ಒಬ್ಬನನ್ನೇ ಹತ್ತಿಪ್ಪತ್ತು ಸಲ ಕೇಳಬೇಕು; ಎಲ್ಲಿ ಉಸಿರು ಎಳೆದ, ಎಲ್ಲಿ ತಡವರಿಸಿದ, ಎಲ್ಲಿ ಕತ್ತರಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದು. ಹಾಗೆ ಕೇಳಿ ಕೇಳಿ ಅವರೆಲ್ಲ ಅವನ ಗಂಟಲಿಗೆ ಇಳಿದುಬಿಟ್ಟಿದ್ದರು. ಸ್ನಾನ ಮಾಡುವಾಗ ಸುಮ್ಮನೆ ಬಾಯಿ ತೆರೆದರೆ ಮಿಲ್ಲಿನ ಯಜಮಾನ ಬರುತ್ತಿದ್ದ. ಮೀನು ಹಿಡಿಯುವ ಬೀಚನಹಳ್ಳಿಯವನು ಬರುತ್ತಿದ್ದ. ಕರಿಯಯ್ಯನೂ ಎಲ್ಲೋ ಇರಲೇಬೇಕು.

ಮತ್ತೆ ಗುಂಡಿ ಒತ್ತಿದ. ಈ ಸಲ ಕೆಮ್ಮು ಬಂತು. ಅದರ ಬೆನ್ನಿಗೇ ಮುದುಕ ಬಂದ.

ಬೈಲಕುಪ್ಪೆಗೆ ಟಿಬೆಟಿನವರು ಬಂದ ಕಾಲದಲ್ಲಿ ತಾನು ಕಾಡು ಕಡಿಯುವ ಕೂಲಿಗೆ ಹೋಗಿದ್ದ ಕತೆ. ಅವತ್ತು ಕರಿಯಯ್ಯ ಹೇಳಿದಷ್ಟನ್ನೂ ಹೇಳಿ ಮುಗಿಸಿದ. ಕತೆ ಮುಗಿಯಿತು, ಟೇಪು ಇನ್ನೂ ಓಡುತ್ತಿತ್ತು. ನಾಲಿಗೆಯೂ ನಿಲ್ಲಲಿಲ್ಲ. ಕರಿಯಯ್ಯ ಯಾವತ್ತೂ ಆಡದಿದ್ದ ನಾಲ್ಕು ಮಾತು, ಹೆಂಡತಿಯ ವಿಷಯವಾಗಿ, ತಾನಾಗಿಯೇ ಹೊರಟು ಬಂತು. ಆಡುತ್ತಿರುವಾಗ ಗಂಟಲು ಕಟ್ಟಿತು. ಯಾರ ಗಂಟಲು ಎಂದು ನೋಡಿಕೊಳ್ಳುವಷ್ಟು ಪುರಸೊತ್ತಿರಲಿಲ್ಲ.

ಬಾಗಿಲು ತೆರೆಯಿತು. ಹೆಂಡತಿ ಬೃಂದಾ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಎರಡು ಲೋಟ ಕಾಫಿ. ಕೋಣೆಯೊಳಗೆ ಕಣ್ಣು ಆಡಿಸಿದಳು.

“ಯಾರೋ ದೊಡ್ಡೋರು ಬಂದಿದಾರೆ ಅಂದ್ಕೊಂಡೆ.”

“ಟೇಪು.”

“ಅಳ್ತಿದ್ರು.”

“ಟೇಪಲ್ಲಿ.”

ಅವಳು ಒಂದು ಲೋಟ ಕೊಟ್ಟಳು. ಇನ್ನೊಂದನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಳು.

“ಮಾವೋರಿಗೂ ಎಡೆ ಇಡ್ಬೇಕಲ್ಲ. ಎಷ್ಟೊತ್ತಿಗೆ ಬರ್ತೀರ?”

“ನೋಡ್ತೀನಿ.”

“ಹೋದ ವರ್ಷಾನೂ ನೋಡ್ತೀನಿ ಅಂದಿದ್ರಿ.”

“ಬರ್ತೀನಿ ಅಂದ್ನಲ್ಲ.”

“ಅನ್ಲಿಲ್ಲ” ಎಂದಳು ಬೃಂದಾ. ಜಗಳಕ್ಕಲ್ಲ, ತಪ್ಪು ತಿದ್ದುವವಳ ಹಾಗೆ. ಹೋಗುವಾಗ ಬಾಗಿಲನ್ನು ಮೊದಲಿದ್ದ ಹಾಗೇ ಎಳೆದುಕೊಂಡಳು.

ಕರಿಯಯ್ಯನ ಹೆಂಡತಿಯ ವಿಷಯದ ಆ ನಾಲ್ಕು ಮಾತನ್ನು ಅಳಿಸಿಬಿಡಬೇಕು ಎಂದುಕೊಂಡ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಗಡಿಯಾರ ನೋಡಿದ. ಹೊತ್ತಾಗಿತ್ತು. ಹೊತ್ತಾಗಿರುವುದು ಎಂಥ ಅನುಕೂಲ.

ಅಂಗಡಿಯಲ್ಲಿ ಬಸವರಾಜು ಕ್ಯಾಸೆಟ್ ಕಿತ್ತುಕೊಂಡು ಹಾಕಿ ಕೇಳಿದ. ಕೆಮ್ಮು ಕೇಳುತ್ತಿದ್ದ ಹಾಗೇ ಕುರ್ಚಿಯಿಂದ ಎದ್ದುಬಿಟ್ಟ.

“ಅಯ್ಯೋ ನಿನ್ ಮನೆ ಕಾಯ್ವಾಗ! ಇದು ಮುದ್ಕನೇ ಕಣ್ಲಾ!”

“ಸಾಕು, ನಿಲ್ಸು.”

“ಮೈ ಜುಂ ಅಂತು ನೋಡು. ಲೇ, ನಾ ಸತ್ರೆ ನಂದೂ ಒಂದು ಮಾಡಿ ಮಡಗ್ಬುಡ್ಲಾ. ನಮ್ಮನೇಲಿ ಬೈಯಕೆ ಯಾರೂ ಇಲ್ದೆ ಬೇಜಾರಾಯ್ತದೆ.” ನಕ್ಕು, ಆಮೇಲೆ ನಗು ನಿಲ್ಲಿಸಿ, ದನಿ ತಗ್ಗಿಸಿದ. “ಗೊತ್ತಾದ್ರೆ?”

“ಏನ್ ಗೊತ್ತಾಗತ್ತೆ?”

“ಸತ್ತೋನ್ ಎಸ್ರಲ್ಲಿ ಆಟ ಕಟ್ದ ಅಂತ ಊರೋರು ಇಡ್ಕಂಡು ಬಡುದ್ರೆ ನಾನಂತೂ ಬರಾಕಿಲ್ಲ ಕಣಪ್ಪ. ಈಗ್ಲೂ ಏನಾಗಿಲ್ಲ. ಓಗಿ ಇಲ್ಲ ಅಂದ್ಬುಡು.”

“ಅಂತೀನಿ” ಎಂದು ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡ.

ಬಸ್ಸಿನಲ್ಲಿ ಅವನದೇ ದನಿ ಓಡುತ್ತಿತ್ತು. ನಮಸ್ಕಾರ, ಇದು ನಾಲ್ಕೂರ ಮಾತು. ಬಸ್ಸಿನಲ್ಲಿ ಕೇಳುವ ಆ ಮನುಷ್ಯ ಧೈರ್ಯವಂತ, ಸಲುಗೆಯಿಂದ ಮಾತಾಡುವವನು, ಎಲ್ಲರ ಮನೆಯ ಜಗುಲಿಯ ಮೇಲೂ ಕೂತು ಎಲೆ ಅಡಿಕೆ ಹಾಕಿದವನು. ಕಂಡಕ್ಟರ್ ಹತ್ತಿರ ಬಂದಾಗ ಕನಕರಾಜು, “ರಾವಂದೂರು” ಎಂದ.

“ಎಲ್ಲಿಗೆ? ಒಸಿ ಜೋರಾಗ್ ಏಳ್ರೀ.”

ಮತ್ತೆ ಹೇಳಿದ. ಕಂಡಕ್ಟರ್ ಮುಖ ಕಿವುಚಿ, ತುಟಿ ನೋಡಿ ತಿಳಿದುಕೊಂಡು ಟಿಕೆಟ್ ಹರಿದ.

ಪಕ್ಕದಲ್ಲಿ ಮಡಿಲಿಗೆ ಹೂಕೋಸು ಹಾಕಿಕೊಂಡ ಹೆಂಗಸು ತನ್ನ ಮಗಳಿಗೆ ಗದರಿದಳು: “ಸುಮ್ಕಿರವ್ವ, ಆವಪ್ಪ ಮಾತಾಡ್ತಾವ್ನೆ, ಕೇಳ್ಬೇಕು.” ಆಮೇಲೆ ಕನಕರಾಜುವಿನ ಕಡೆ ತಿರುಗಿ, “ಒಸಿ ಅತ್ಲಾಗ್ ಸರ್ಕಳಪ್ಪ” ಎಂದಳು. ಸರಿದ. ಕಿಟಕಿಯ ಸರಳು ಭುಜಕ್ಕೆ ಒತ್ತಿತು. ಹೊರಗೆ ಹೊಲಗಳ ನಡುವೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ತಲೆಯಿಂದ ಹೊಗೆ ಏಳುತ್ತಿತ್ತು. ಸೊಪ್ಪು ಬೇಯುವ ಸಿಹಿ ಘಾಟು ಬಸ್ಸಿನೊಳಗೂ ತುಂಬಿತ್ತು.

ಅಪ್ಪ ಹೇಗೆ ಮಾತಾಡುತ್ತಿದ್ದ?

ಪ್ರಶ್ನೆ ಎಲ್ಲಿಂದ ಬಂತೋ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಸತ್ತು ಆರು ವರ್ಷ. ಚಪ್ಪಲಿ ಎಳೆದು ನಡೆಯುವ ಸದ್ದು ನೆನಪಿತ್ತು. ಕೊಡೆ ಮಡಿಸುವ ಸದ್ದು ನೆನಪಿತ್ತು. ಮಾತು ಮಾತ್ರ ನೆನಪಾಗಲಿಲ್ಲ. ತುಟಿ ಅಲುಗಿಸಿ ನೋಡಿದ. ಮಿಲ್ಲಿನ ಯಜಮಾನ ಬಂದ. ಬೀಚನಹಳ್ಳಿಯವನು ಬಂದ. ಹೂಕೋಸಿನ ಹೆಂಗಸು ಅವನನ್ನೊಮ್ಮೆ ನೋಡಿ ಮಗಳನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

ರಾವಂದೂರಿನಲ್ಲಿ ಸ್ವಾಮಿ ಸೈಕಲ್ಲು ಹಿಡಿದು ಕಾಯುತ್ತಿದ್ದ. ಅವನ ಹಿಂದೆ ಕೂತು ಹಳ್ಳಿಗೆ ಬಂದಾಗ ಅಡಿಗೆಯ ವಾಸನೆ ಬೀದಿಗೆಲ್ಲ ಹರಡಿತ್ತು. ಊರಿನ ಪ್ರತಿ ಮನೆಯಲ್ಲೂ ಹಿರಿಯರು ಉಣ್ಣಲು ಬರುವ ದಿನ. ಜೀವ ಇದ್ದವರಿಗೆ ಎರಡನೇ ಪಂಕ್ತಿ.

ಕರಿಯಯ್ಯನ ಹೆಂಡತಿ ಚಿಕ್ಕಬೀರಮ್ಮ ಬಾಗಿಲಲ್ಲಿದ್ದಳು. ಸಣ್ಣ ಆಳು, ನೆಟ್ಟಗಿನ ಬೆನ್ನು.

“ಬಾರಪ್ಪ. ಕರ್ಕಬಂದ್ಯಾ?”

“ತಂದಿದೀನಿ ಅವ್ವ.”

“ಕುಂತ್ಕೊ. ಬಿಸ್ಲಲ್ ಬಂದಿದೀಯ, ನೀರು ಕುಡಿ.”

ನಡುಮನೆಯಲ್ಲಿ ಎಡೆ ಸಜ್ಜಾಗಿತ್ತು. ಗೋಡೆಗೆ ಒರಗಿಸಿದಂತೆ ಕಳಸ, ಅದಕ್ಕೆ ಹೊದಿಸಿದ ಹೊಸ ಪಂಚೆ, ಹೊಸ ಶರ್ಟು. ಮುಂದೆ ಮಣೆ, ಬಾಳೆ ಎಲೆ. ಎಲೆಯ ಮೇಲೆ ಮುದ್ದೆ, ಕೋಳಿ ಸಾರು, ಕಜ್ಜಾಯ. ಪಕ್ಕದಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ. ಕರಿಯಯ್ಯನ ತಂಗಿ ಪುಟ್ಟಸಿದ್ದಮ್ಮ ಧೂಪ ಹಾಕುತ್ತಲೇ ಅತ್ತಿಗೆಗೆ ಚುಚ್ಚುತ್ತಿದ್ದಳು.

“ನಮ್ಮಣ್ಣಂಗೆ ತೊಡೆ ಮಡಗ್ದೆ ರೆಕ್ಕೆ ಮಡಗಿದೀಯಲ್ಲ ಅತ್ಗೆ, ಎದ್ ಬಂದು ಒದ್ದಾನು.”

“ಬದ್ಕಿದ್ದಾಗ ಮನೆ ಕೋಳೀದೆಲ್ಲ ತೊಡೆ ಅವ್ರೇ ತಿಂದವ್ರೆ. ಇವತ್ತೊಂದಿನ ರೆಕ್ಕೆ ತಿನ್ಲಿ, ಸುಮ್ಕಿರು.”

ಸ್ವಾಮಿ ಜಗುಲಿಯಲ್ಲಿ ಟೇಪ್‌ರೆಕಾರ್ಡರಿಗೆ ಸೆಲ್ಲು ಹಾಕುತ್ತಿದ್ದ. ಈಗ ಹೇಳಬೇಕು ಎನ್ನಿಸಿತು. ಇವನು ಒಬ್ಬನೇ ಇದ್ದಾನೆ. ಹೆಂಗಸರು ಒಳಗಿದ್ದಾರೆ. ಎರಡು ಮಾತು ಸಾಕು: ಅಳಿಸಿಹೋಗಿದೆ, ಇದು ನಾನು. ಸ್ವಾಮಿ ಬೈಯಬಹುದು, ಹೊಡೆಯಲೂಬಹುದು. ಹೊಡೆತ ಬಿದ್ದರೆ ಬಿದ್ದದ್ದು ತನಗೇ ಎಂದಾದರೂ ಖಾತ್ರಿಯಾಗುತ್ತದೆ.

“ಸ್ವಾಮಿ, ಒಂದು ಮಾತು.”

“ಏಳಿ ಸಾ.”

“ವಾಲ್ಯೂಮ್ ತುಂಬ ಜಾಸ್ತಿ ಇಡಬೇಡಿ.”

“ಆಯ್ತು ಸಾ. ಒಂದ್ಸಲ ಆಕಿ ನೋಡ್ಲೇನವ್ವ?” ಎಂದು ಸ್ವಾಮಿ ಕೂಗಿ ಕೇಳಿದ.

“ಬ್ಯಾಡ” ಎಂದಳು ಒಳಗಿನಿಂದ ಚಿಕ್ಕಬೀರಮ್ಮ. “ಅವ್ರ ಮಾತ ಮೊದ್ಲು ಅವ್ರೇ ಕೇಳ್ಕಳ್ಳಿ. ನಾವು ಆಚೆ ಕುಂತು ಕೇಳವ.”

ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಹಿರಿಯರು ಬಂದು ನಿಧಾನವಾಗಿ ಉಣ್ಣಲಿ ಎಂದು. ಆಮೇಲೆ ಯಾರಾದರೂ ಒಬ್ಬರು ಬಾಗಿಲು ತಟ್ಟಿ, ಊಟವಾಯಿತೇ ಎಂದು ಕೇಳಿ ಒಳಗೆ ಹೋಗಬೇಕು. ಹೇಳದೆ ನುಗ್ಗಿದರೆ ಉಣ್ಣುತ್ತಿರುವವರು ಎಲೆ ಬಿಟ್ಟು ಎದ್ದುಹೋಗುತ್ತಾರೆ. ಸ್ವಾಮಿ ಟೇಪ್‌ರೆಕಾರ್ಡರನ್ನು ಎಲೆಯ ಪಕ್ಕ ಇಟ್ಟು, ಗುಂಡಿ ಒತ್ತಿ, ಹಿಂದೆ ಹಿಂದೆ ಸರಿಯುತ್ತ ಹೊರಗೆ ಬಂದ. ಬಾಗಿಲು ಹಾಕಿಕೊಂಡ. ಎಲ್ಲರೂ ಜಗುಲಿಯಲ್ಲಿ ಕೂತರು. ಕನಕರಾಜುವಿಗೆ ಚಾಪೆಯಲ್ಲಿ ಜಾಗ ಮಾಡಿದರು.

ಒಳಗಿನಿಂದ ಕೆಮ್ಮು ಕೇಳಿತು.

ಪುಟ್ಟಸಿದ್ದಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸ್ವಾಮಿ ಬಾಗಿಲನ್ನೇ ನೋಡಿದ. ಚಿಕ್ಕಬೀರಮ್ಮ ಅಲುಗಲಿಲ್ಲ.

“ಆಗ ನಂಗೆ ಮೀಸೆ ಚಿಗುರ್ತಿತ್ತು ಕಣಪ್ಪ” ಎಂದಿತು ಒಳಗಿನ ದನಿ. “ಬೈಲಕುಪ್ಪೇಲಿ ಟಿಬೆಟ್‌ನೋರು ಬಂದವ್ರೆ, ಕಾಡು ಕಡಿಯಕೆ ಆಳು ಬೇಕಂತೆ ಅಂದ್ರು. ನಾವೂ ಓದೊ. ಅವ್ರು ನಮ್ಮ ನೋಡಿ ನಗೋರು, ನಾವು ಅವ್ರ ನೋಡಿ ನಗೋವು. ಇಬ್ರಿಗೂ ಮಾತು ಬರಲ್ವಲ್ಲ, ಇನ್ನೇನ್ ಮಾಡಾದು? ಒಂದಿನ ಒಬ್ಬ ಮುದ್ಕಪ್ಪಂಗೆ ನನ್ ಬುತ್ತಿಂದ ಮುದ್ದೆ ಮುರ್ದು ಕೊಟ್ಟೆ. ಆ ವಯ್ಯ ಅಗೀತಾನೆ, ಅಗೀತಾನೆ, ಒತ್ತು ಮುಳುಗ್ತದೆ, ಇನ್ನೂ ಅಗೀತಾನೆ! ಅಯ್ಯೋ ನುಂಗಯ್ಯ ಅಂತ ಅವ್ನ ಗಂಟ್ಲು ಮುಟ್ಟಿ ತೋರ್ಸಕೋದೆ. ಇವ್ನು ನನ್ ಕತ್ತು ಇಸುಕ್ತಾನೆ ಅಂದ್ಕಂಡು ಮರದಿಂದ್ಕೆ ಓಡೋಗ್ಬುಟ್ಟ ಕಣಪ್ಪ!”

ಜಗುಲಿ ನಕ್ಕಿತು. ಪುಟ್ಟಸಿದ್ದಮ್ಮ ಅಳುತ್ತಲೇ ನಕ್ಕಳು. “ನಮ್ಮಣ್ಣನೇ ಕಣೋ ಸ್ವಾಮಿ. ಈ ಕತೆಯ ಎಷ್ಟ್ ಸಲ ಏಳವ್ನೆ!” ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು, ವಿಷಯ ತಿಳಿದು, ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತರು. ಕನಕರಾಜುವೂ ನಕ್ಕ. ನಕ್ಕದ್ದು ಕತೆಗೋ, ಸಿಕ್ಕಿಬೀಳಲಿಲ್ಲ ಎಂಬುದಕ್ಕೋ. ಅವನಿಗೆ ಒಂದು ನಿಮಿಷ ಹೆಮ್ಮೆಯೂ ಆಯಿತು.

ಆಮೇಲೆ ಆ ಭಾಗ ಬಂತು.

“ಇನ್ನೊಂದು ಏಳ್ತೀನಿ ಕೇಳು. ನಮ್ ಚಿಕ್ಕಬೀರಿ ಕುಟ್ಟೆ ನಾನು ಒಂದಿನಾನೂ ನೆಟ್ಟಗೆ ಮಾತಾಡ್ನಿಲ್ಲ. ಆಡ್ಬೇಕು ಅಂತ ಬಾಯ್ ತೆಗುದ್ರೆ ಸಾರಿಗೆ ಉಪ್ಪಿಲ್ಲ ಅಂತ್ಲೇ ಬರದು. ಅವ್ಳಿಲ್ದಿದ್ರೆ ನಾನೆಲ್ಲಿದ್ದೆ? ಅದು ಅವ್ಳಿಗೆ ಗೊತ್ತೋ ಇಲ್ವೋ. ಗೊತ್ತಿದ್ರೆ ಸಾಕು.”

ದನಿ ಒಡೆಯಿತು. ನಿಂತಿತು. ಖಾಲಿ ಟೇಪು ಸುಯ್ಯೆಂದು ಓಡತೊಡಗಿತು.

ಪುಟ್ಟಸಿದ್ದಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

“ಅಯ್ ಶಿವನೆ! ನಮ್ಮಣ್ಣ ಎಂಡ್ತಿ ಎಸ್ರಿಡುದ್ದ ನಾ ಕಂಡೇ ಇಲ್ವಲ್ಲ. ‘ಇವ್ಳೇ’ ಅಂತಿದ್ದ. ಇಲ್ದಿದ್ರೆ ‘ಎಲ್ ಸತ್ಲು’ ಅಂತಿದ್ದ.”

ಇಷ್ಟು ಓದಿ, ಇಷ್ಟು ಊರು ಸುತ್ತಿ, ಇಷ್ಟು ಮನೆಗಳ ಜಗುಲಿಯಲ್ಲಿ ಕೂತು, ಈ ಕಡೆಯ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ ಎಂಬ ಮಾತು ಕನಕರಾಜುವಿನ ಗಂಟಲಿಗೆ ಹೊಳೆದಿರಲಿಲ್ಲ. ತಾನಾದರೂ ಬೃಂದಾ ಎಂದು ಕರೆದದ್ದು ಯಾವಾಗ?

ಚಿಕ್ಕಬೀರಮ್ಮ ಅವನ ಕಡೆ ತಿರುಗಿದಳು. ಕಣ್ಣು ಒಣಗಿದ್ದವು.

“ಅವತ್ತು ನೀನು ತುಂಬ್ಕಳ್ವಾಗ ನಾನು ಪಕ್ಕದಲ್ಲೇ ಕಡ್ಡಿಗೆ ಒಗೆಸೊಪ್ಪು ಕಟ್ತಾ ಕುಂತಿದ್ದೆ.”

“ಹೌದವ್ವ.”

“ಈ ಮಾತು ನಂಗೆ ಕೇಳಿಸ್ಲೇ ಇಲ್ವಲ್ಲ.”

“ನೀವು... ಎದ್ದು ಹೋಗಿದ್ರೇನೋ.”

“ಎದ್ದಿದ್ನಾ?”

“ಕಾಫಿ ಕಾಯಿಸಕ್ಕೆ.”

“ಎದ್ದಿದ್ನೇನೋ, ಬುಡು” ಎಂದಳು ಚಿಕ್ಕಬೀರಮ್ಮ. ಸ್ವಲ್ಪ ಹೊತ್ತು ಚಾಪೆಯ ಅಂಚಿನ ಹುರಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಮುವತ್ತು ವರ್ಷ ಎಲ್ಲೂ ಏಳ್ದೆ ಕುಂತಿದ್ದೆ. ಅವತ್ತೇ ಎದ್ದೋಗ್ಬೇಕಾ ನಾನು?”

ಅದು ನಂಬಿದ ಮಾತೋ ನಂಬದ ಮಾತೋ ಅವನಿಗೆ ತಿಳಿಯಲಿಲ್ಲ. ಇವಳು ಎದ್ದು ಬೈದಿದ್ದರೆ ಚೆನ್ನಾಗಿತ್ತು. ಬಸವರಾಜು ಹೇಳಿದ ಹಾಗೆ ಊರವರು ಹಿಡಿದು ಬಡಿದಿದ್ದರೂ ಚೆನ್ನಾಗಿತ್ತು.

“ಒತ್ತಾಯ್ತು, ಸಾರು ತಣ್ಣಗಾಯ್ತದೆ” ಎಂದಳು ಪುಟ್ಟಸಿದ್ದಮ್ಮ. “ಸ್ವಾಮಿ, ಓಗ್ಲಾ, ಬಾಗ್ಲು ತಟ್ಟು.”

“ಅವ್ನು ಬ್ಯಾಡ” ಎಂದಳು ಚಿಕ್ಕಬೀರಮ್ಮ. “ಈವಪ್ಪ ತಟ್ಲಿ.”

“ಮನೆ ಮಗ ಇರ್ವಾಗ ಆಚೆಯೋರು ತಟ್ತಾರಾ ಅತ್ಗೆ?”

“ಕರ್ಕಬಂದೋನು ಅವ್ನು. ಅವ್ನೇ ತಟ್ಲಿ.”

ಕನಕರಾಜು ಎದ್ದ. ಬೇಡ ಎನ್ನಬಹುದಿತ್ತು. ಹೊತ್ತಾಯಿತು, ಬಸ್ಸಿದೆ, ಮನೆಯಲ್ಲೂ ಎಡೆ ಇದೆ ಎನ್ನಬಹುದಿತ್ತು. ಬಾಗಿಲ ಮುಂದೆ ನಿಂತ. ಒಳಗೆ ಟೇಪು ಇನ್ನೂ ಸುಯ್ಯೆನ್ನುತ್ತಿತ್ತು, ಯಾರೋ ಉಸಿರು ಬಿಗಿಹಿಡಿದು ಕೂತ ಹಾಗೆ. ಮೂರು ಸಲ ತಟ್ಟಿದ.

“ಕೇಳಪ್ಪ” ಎಂದಳು ಹಿಂದಿನಿಂದ ಚಿಕ್ಕಬೀರಮ್ಮ. “ಕೇಳ್ದೆ ತೆಗೀಬ್ಯಾಡ.”

ಕೇಳಬೇಕು. ಊಟವಾಯಿತೇ ಎಂದು, ಅಷ್ಟೆ. ತನ್ನ ದನಿಯಲ್ಲಿ, ತಾನು ಮಾತಾಡುವ ಹಾಗೆ. ಬಸ್ಸಿನಲ್ಲಿ ಕಂಡಕ್ಟರಿಗೆ ಕೇಳಿಸದ ಆ ದನಿಯಾದರೂ ಆದೀತು. ಎದೆ ತುಂಬ ಗಾಳಿ ಎಳೆದುಕೊಂಡು ಬಾಯಿ ತೆರೆದ.

“ಉಂಡಾಯ್ತೇನಪ್ಪೋ?”

ಕರಿಯಯ್ಯ ಕೇಳಿದ. ಗಟ್ಟಿಯಾಗಿ, ಜಗುಲಿ ತುಂಬುವ ಹಾಗೆ, ಬೀದಿಗೂ ಕೇಳಿಸುವ ಹಾಗೆ. ಈ ಸಲ ದನಿ ಬಾಗಿಲ ಒಳಗಿನಿಂದ ಬರಲಿಲ್ಲ, ಹೊರಗಿನಿಂದ ಬಂತು.

ಕನಕರಾಜು ಅಗುಳಿಯ ಮೇಲೆ ಕೈ ಇಟ್ಟುಕೊಂಡೇ ಕತ್ತು ಹೊರಳಿಸಿ ನೋಡಿದ. ಸ್ವಾಮಿ ಎದ್ದು ನಿಂತಿದ್ದ. ಮೆಟ್ಟಿಲ ಮೇಲಿದ್ದ ಇಬ್ಬರೂ ಎದ್ದಿದ್ದರು. ಪುಟ್ಟಸಿದ್ದಮ್ಮನ ಬಾಯಿ ತೆರೆದೇ ಇತ್ತು. ಚಿಕ್ಕಬೀರಮ್ಮ ಎಲ್ಲರಿಗಿಂತ ನಿಧಾನವಾಗಿ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೊಲದಿಂದ ಮನೆಯ ಯಜಮಾನ ಬಂದಾಗ ನಿಲ್ಲುವ ಹಾಗೆ, ಕಣ್ಣು ನೆಲಕ್ಕೆ ಇಳಿಸಿ ಒಂದು ಪಕ್ಕಕ್ಕೆ ಸರಿದು ನಿಂತಳು.

ನಾನು, ಎನ್ನಲು ಹೋದ. ಆ ಮಾತನ್ನು ಯಾವ ದನಿಯಲ್ಲಿ ಶುರು ಮಾಡುವುದೆಂದು ತಿಳಿಯಲಿಲ್ಲ.

ಅಗುಳಿ ತಾನಾಗಿಯೇ ಜಾರಿ, ಬಾಗಿಲು ಒಂದು ಗೇಣು ತೆರೆದುಕೊಂಡಿತು. ಧೂಪದ ಹೊಗೆ ಮುಖಕ್ಕೆ ಬಂತು. ಒಳಗೆ ಕತ್ತಲಲ್ಲಿ ಹೊಸ ಪಂಚೆ, ಹೊಸ ಶರ್ಟು ಬೆಳ್ಳಗೆ ಕಾಣುತ್ತಿದ್ದವು. ಎಲೆಯ ಮೇಲಿನ ಮುದ್ದೆ ಸಾರು ಯಾರೂ ಮುಟ್ಟದೆ ಹಾಗೇ ಇತ್ತು. ಎಲೆಯ ಮುಂದೆ ಮಣೆ ಖಾಲಿ ಇತ್ತು. ಹಿಂದೆ ಅವರೆಲ್ಲ, ಅವನು ಒಳಗೆ ಹೋಗಲೆಂದು, ನಿಂತೇ ಇದ್ದರು.